ಕೊನೆಯ ಮನೆಯಿಂದ ಹಿಂದಕ್ಕೆ: ಕುಶಾಲನಗರದ ಗೋಡೌನಿನಲ್ಲಿ ಆರ್ಡರ್ ಕಟ್ಟಿದ ಆರು ತಿಂಗಳು

ಕೊಡವರು ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಬೆಳಗ್ಗೆ ಎಂಟೂವರೆಗೆ, ಮನೆ ಬಾಗಿಲಿಗೆ ದಿನಸಿ ಕಳಿಸುವ ನಮ್ಮ ಗೋಡೌನಿನ ಫೋನ್ ರಿಂಗಾಯಿತು. ಮಡಿಕೇರಿಯಿಂದ ಒಬ್ಬರು ಅಜ್ಜಿ. ಕಡಂಬುಟ್ಟಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆಗೆ, ಎರಡು ಕೆಜಿ ಅಕ್ಕಿ ತರಿ, ಜೊತೆಗೆ ಐದು ಕೆಜಿ ಅಕ್ಕಿ, ಬೆಲ್ಲ, ತುಪ್ಪ, ಬಟ್ಟೆ ಸೋಪಿನ ಪುಡಿ ಅಂತ ಹಿಂದಿನ ಸಂಜೆ ಬರೆಸಿದ್ದರು. ಬೆಳಗ್ಗೆ ಆರೂವರೆಗೇ ಚೀಲ ಅವರ ಮನೆ ಬಾಗಿಲಲ್ಲಿತ್ತು.

"ಮಗಳೇ, ಕಡಂಬುಟ್ಟು ಬೇಯಿಸಿದೆ. ಸೋಪಿನ ವಾಸನೆ ಬರ್ತಾ ಇದೆ. ಮನೆ ತುಂಬ ನೆಂಟರಿದ್ದಾರೆ" ಅಂದರು. ಬೈಯಲಿಲ್ಲ. ಧ್ವನಿ ಏರಿಸಲೂ ಇಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಹೊಸ ತರಿ ಕಳಿಸುತ್ತೇನೆ ಅಂದೆ. "ಈಗ ಕಳಿಸಿ ಏನು ಮಾಡೋದು, ಹಬ್ಬ ಇವತ್ತೇ ಅಲ್ವಾ" ಅಂತ ಫೋನ್ ಇಟ್ಟರು.

ಆ ಚೀಲ ಕಟ್ಟಿದ್ದು ನನ್ನ ಶಿಫ್ಟಿನಲ್ಲೇ. ಯಾರು ಕಟ್ಟಿದರು ಅಂತ ಕೇಳುವ ಮೊದಲು ಹೇಗೆ ಕಟ್ಟಿದರು ಅಂತ ನೋಡಿದೆ. ಬಿಲ್ಲಿನಲ್ಲಿ ಯಾವುದು ಮೊದಲು ಬಂದಿತ್ತೋ ಅದು ಚೀಲದ ತಳಕ್ಕೆ ಹೋಗಿತ್ತು. ಮೊದಲು ಸೋಪಿನ ಪುಡಿ, ಅದರ ಪಕ್ಕಕ್ಕೆ ತೆಳು ಕವರಿನಲ್ಲಿ ನಾವೇ ಕಟ್ಟಿದ ತರಿ, ಅವೆರಡರ ಮೇಲೆ ಐದು ಕೆಜಿ ಅಕ್ಕಿ. ಟೆಂಪೋ ತಿರುವುಗಳಲ್ಲಿ ಹತ್ತುವಾಗ ಅಕ್ಕಿ ಚೀಲ ಒತ್ತಿ ಒತ್ತಿ ಸೋಪಿನ ಪ್ಯಾಕೆಟ್ ಬಾಯಿ ಬಿಟ್ಟಿತ್ತು. ತರಿ ಕವರಿನ ಗಂಟೂ ಸಡಿಲ ಇತ್ತು. ಕಟ್ಟಿದವರ ತಪ್ಪು ಅನ್ನೋಕೆ ಆಗಲ್ಲ. ಅವರು ಕಾಗದದಲ್ಲಿದ್ದ ಹಾಗೇ ಮಾಡಿದ್ದರು. ಆ ಕಾಗದದ ಕ್ರಮ ಸರಿಯಾ ಅಂತ ನೋಡಬೇಕಿದ್ದವಳು ನಾನು.

ನಮ್ಮ ಗೋಡೌನ್ ಇರುವುದು ಕುಶಾಲನಗರದ ಕೂಡ್ಲೂರು ಕಡೆ. ಸುತ್ತ ಕಾಫಿ ಸಂಸ್ಕರಣೆ ಮಾಡುವ ಘಟಕಗಳು. ಸಂಜೆ ಎಂಟರವರೆಗೆ ಆರ್ಡರ್ ತಗೋತೀವಿ. ಮನೆ ದಿನಸಿ, ಹಾಲು, ಮೊಸರು, ತರಕಾರಿ, ಮೊಟ್ಟೆ, ಮಾಂಸ, ಹೋಂಸ್ಟೇಗಳಿಗೆ ಬೇಕಾದ ಬ್ರೆಡ್ಡು, ಬೆಣ್ಣೆ, ಎಲ್ಲ ಇದೆ. ರಾತ್ರಿ ಹನ್ನೊಂದರಿಂದ ಕಟ್ಟುವ ಕೆಲಸ. ಬೆಳಗ್ಗೆ ನಾಲ್ಕೂವರೆಗೆ ಮೊದಲ ಟೆಂಪೋ ಹೊರಡುತ್ತದೆ. ಮೂರು ಲೈನ್: ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಒಂದು, ನಂಜರಾಯಪಟ್ಟಣ, ನೆಲ್ಲಿಹುದಿಕೇರಿ, ಸಿದ್ದಾಪುರದ ಮೇಲೆ ವಿರಾಜಪೇಟೆಗೆ ಒಂದು, ಸೋಮವಾರಪೇಟೆಗೆ ಇನ್ನೊಂದು. ನಾನು ಜೂನ್‌ನಲ್ಲಿ ರಾತ್ರಿ ಸೂಪರ್‌ವೈಸರ್ ಆಗಿ ಸೇರಿದೆ. ಕಟ್ಟುವವರು ಏಳು ಜನ, ಅವರಲ್ಲಿ ಐದು ಜನ ಹೆಂಗಸರು. ಎಲ್ಲರಿಗಿಂತ ಹಿರಿಯರನ್ನು ನಾವು ದೊಡ್ಡಕ್ಕ ಅಂತ ಕರೆಯುತ್ತೇವೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವರು. ಕಾಫಿ ಕುಯ್ಲಿನಲ್ಲಿ ಕೈ ಪಳಗಿದವರು.

ಕಟ್ಟುವ ಕ್ರಮದ ಬಗ್ಗೆ ನನಗೆ ಇಷ್ಟು ಕಾಳಜಿ ಯಾಕೆ ಅಂದರೆ ಅದಕ್ಕೆ ಇನ್ನೊಂದು ಹಿನ್ನೆಲೆ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾನು ಡಿಗ್ರಿ ಓದುತ್ತಿದ್ದೆ. ಒಂದು ಪರಿಹಾರ ಕೇಂದ್ರದಲ್ಲಿ ಸಾಮಾನು ವಿಂಗಡಿಸಲು ಹೋಗಿದ್ದೆ. ರಾಜ್ಯದ ಎಲ್ಲ ಕಡೆಯಿಂದ ಜನ ಪ್ರೀತಿಯಿಂದ ಕಳಿಸಿದ್ದರು. ಆದರೆ ಒಂದೇ ಮೂಟೆಯಲ್ಲಿ ಬ್ರೆಡ್ಡು, ಹಳೇ ಬಟ್ಟೆ, ಫಿನಾಯಿಲ್, ಮಗುವಿನ ಹಾಲಿನ ಪುಡಿ. ಬ್ರೆಡ್ ಬೂಸ್ಟು ಹಿಡಿದಿತ್ತು. ಬಿಸ್ಕೆಟ್ ಫಿನಾಯಿಲ್ ವಾಸನೆ ಬರುತ್ತಿತ್ತು. ಹಸಿದು ಕೂತವರ ಎದುರಿಗೇ ಅದನ್ನೆಲ್ಲ ಎತ್ತಿ ಬಿಸಾಡಬೇಕಾಯಿತು. ಕಳಿಸುವ ಮನಸ್ಸು ಎಷ್ಟೇ ದೊಡ್ಡದಿದ್ದರೂ ಮೂಟೆ ಕಟ್ಟುವ ಕೈ ಯೋಚನೆ ಮಾಡಿರಬೇಕು ಅಂತ ಆಗ ನನಗೆ ಅನ್ನಿಸಿತ್ತು. ಅಜ್ಜಿಯ ಫೋನ್ ಬಂದಾಗ ಆ ಬಿಸ್ಕೆಟ್ಟಿನ ವಾಸನೆಯೇ ನೆನಪಾಯಿತು.

ಆವತ್ತು ರಾತ್ರಿ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಕಟ್ಟುವವರ ಹಿಂದೆಯೇ ನಡೆದೆ. ಹೆಜ್ಜೆ ಎಣಿಸಿದೆ. ಹದಿನಾಲ್ಕು ಸಾಮಾನಿನ ಒಂದು ಆರ್ಡರಿಗೆ 310 ಹೆಜ್ಜೆ! ಬಿಲ್ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಹಾಗಾಗಿ ಗೋಧಿ ಹಿಟ್ಟಿಗೆ ಒಂದು ಮೂಲೆ, ಬಾಳೆಹಣ್ಣಿಗೆ ಇನ್ನೊಂದು ಮೂಲೆ, ಬ್ರೆಡ್ಡಿಗೆ ಮತ್ತೆ ಮೊದಲ ಮೂಲೆ. ಒಂದೇ ರ‍್ಯಾಕಿನ ಹತ್ತಿರ ಮೂರು ಸಲ ಹೋಗಿ ಬಂದರು. ಸುಮ್ನೆ ಕಾಲು ಸವೆಸುವ ಕೆಲಸ. ಬೆಳಗಿನ ಮೂರು ಗಂಟೆಗೆ ಕಾಲು ಸೋತ ಮೇಲೆ ಯಾರಿಗಾದರೂ ಸೋಪಿನ ಪ್ಯಾಕೆಟ್ ಎಲ್ಲಿಡಬೇಕು ಅಂತ ಯೋಚಿಸುವ ತಾಳ್ಮೆ ಉಳಿಯುತ್ತದಾ?

ಮೊದಲು ನಾನು ಮಾಡಿದ್ದು ಓಡಾಟ ಕಡಿಮೆ ಮಾಡುವ ಪ್ರಯತ್ನ. ಒಂದೊಂದೇ ಆರ್ಡರ್ ಹಿಡಿದು ನಡೆಯುವ ಬದಲು, ಇಪ್ಪತ್ತು ಆರ್ಡರಿಗೆ ಬೇಕಾದ ಸಕ್ಕರೆಯನ್ನೆಲ್ಲ ಒಂದೇ ಸಲ ತಂದು ಇಪ್ಪತ್ತು ಚೀಲಕ್ಕೆ ಹಂಚುವುದು. ಆಮೇಲೆ ಬೇಳೆ, ಆಮೇಲೆ ಎಣ್ಣೆ. ಮೊದಲ ರಾತ್ರಿ ಖುಷಿ ಆಯಿತು. ಎರಡಕ್ಕೆಲ್ಲ ಕೆಲಸ ಮುಗಿದಿತ್ತು. ಕೊನೆಯಲ್ಲಿ ನೋಡಿದರೆ ಒಂದು ತೊಗರಿಬೇಳೆ ಪ್ಯಾಕೆಟ್ ಮೇಜಿನ ಮೇಲೆ ಉಳಿದಿದೆ. ಇಪ್ಪತ್ತರಲ್ಲಿ ಯಾವ ಚೀಲದ್ದು? ಇಪ್ಪತ್ತನ್ನೂ ಬಿಚ್ಚಿ ನೋಡಬೇಕಾಯಿತು. ಉಳಿಸಿದ ಸಮಯ ಎಲ್ಲ ಅಲ್ಲೇ ಹೋಯಿತು.

ಹಾಗಂತ ಆ ಪದ್ಧತಿ ಪೂರ್ತಿ ತಪ್ಪಲ್ಲ. ಹಾಲಿಗೆ ಅದೇ ಸರಿ. ಹಾಲು ಹೆಚ್ಚುಕಡಿಮೆ ಎಲ್ಲ ಮನೆಗೂ ಬೇಕು, ಪ್ಯಾಕೆಟ್ಟಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ, ಎಣಿಸುವುದು ಸುಲಭ. (ಹಾಲಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಹೆಮ್ಮೆ ಇದೆ. ಕೆಎಂಎಫ್ ಅಡಿ ಈಗ ಇರುವ ಹಾಲಿನ ಸಹಕಾರ ಸಂಘಗಳಲ್ಲಿ ಮೊದಲನೆಯದು 1955ರಲ್ಲಿ ಶುರುವಾದದ್ದು ಇಲ್ಲೇ ಪಕ್ಕದ ಕೂಡಿಗೆಯಲ್ಲಿ.) ಆದರೆ ಹದಿನೈದು ಥರದ ಬೇಳೆ, ಮಸಾಲೆ, ಬಿಸ್ಕೆಟ್ ಇರುವಾಗ ಹಂಚುವ ಪದ್ಧತಿ ಕೈ ಕೊಡುತ್ತದೆ. ಕೊನೆಗೆ ಎರಡನ್ನೂ ಬೆರೆಸಿದೆವು. ಹಾಲು, ಬ್ರೆಡ್, ಮೊಟ್ಟೆ ಒಟ್ಟಿಗೆ ತಂದು ಹಂಚುವುದು. ಉಳಿದ ದಿನಸಿ ಒಬ್ಬರು ಒಂದು ಆರ್ಡರ್ ಹಿಡಿದು ಕಟ್ಟುವುದು.

ಮತ್ತೆ ಓಡಾಟ? ಅದಕ್ಕೆ ದಾರಿ ತೋರಿಸಿದವರು ದೊಡ್ಡಕ್ಕ. ಬಿಲ್ ನೋಡಿ ನೋಡಿ ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ, "ಚೀಲದಲ್ಲಿ ಹೇಗೆ ಕೂರಬೇಕೋ ರ‍್ಯಾಕಲ್ಲಿ ಹಾಗೇ ಇಡಿ ಮಗಳೇ. ನಡೀತಾ ಹೋದ್ರೆ ಚೀಲ ತಾನೇ ಸರಿಯಾಗುತ್ತೆ" ಅಂದರು.

ಇದು ಕೇಳೋಕೆ ಎಷ್ಟು ಸರಳ! ಎರಡು ಭಾನುವಾರ ಕೂತು ಇಡೀ ಗೋಡೌನಿನ ರ‍್ಯಾಕ್ ಬದಲಾಯಿಸಿದೆವು. ಬಾಗಿಲಿಂದ ಒಳಗೆ ಬಂದ ತಕ್ಷಣ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ, ಬೆಲ್ಲ, ಉಪ್ಪು. ಆಮೇಲೆ ಬೇಳೆಕಾಳು. ಆಮೇಲೆ ಡಬ್ಬಿ, ಬಾಟಲಿ. ಆಮೇಲೆ ಮಸಾಲೆ, ಕಾಫಿಪುಡಿ, ಟೀಪುಡಿ. ಆಮೇಲೆ ಬಿಸ್ಕೆಟ್, ಶ್ಯಾವಿಗೆ, ಚಿಪ್ಸ್. ಕೊನೆಯಲ್ಲಿ ಸೊಪ್ಪು, ಟೊಮ್ಯಾಟೊ, ಬ್ರೆಡ್, ಮೊಟ್ಟೆ. ಜಾಸ್ತಿ ಹೋಗುವ ಸಾಮಾನು ಸೊಂಟದ ಎತ್ತರದ ಅಂಕಣದಲ್ಲಿ, ಅಪರೂಪಕ್ಕೆ ಹೋಗುವುದು ತೀರಾ ಮೇಲೆ. ಐದು, ಹತ್ತು ಕೆಜಿಯದ್ದು ಮಾತ್ರ ತಳದಲ್ಲಿ. ಸೋಪು, ಫಿನಾಯಿಲ್, ಅಗರಬತ್ತಿ, ಸೊಳ್ಳೆ ಬತ್ತಿ ಇವಕ್ಕೆ ಗೋಡೆಯಾಚೆ ಬೇರೆಯೇ ಕೋಣೆ, ಬೇರೆ ಮೇಜು, ಬೇರೆ ಚೀಲ. ತಿನ್ನುವ ಸಾಮಾನಿನ ಚೀಲಕ್ಕೆ ಅವು ಸೇರುವಂತೆಯೇ ಇಲ್ಲ, ಆರ್ಡರಿನಲ್ಲಿ ಒಂದೇ ಒಂದು ಸೋಪಿದ್ದರೂ ಸರಿ. ಬಿಲ್ಲಿನ ಸಾಲುಗಳೂ ರ‍್ಯಾಕಿನ ಕ್ರಮದಲ್ಲೇ ಬರುವಂತೆ ಕಂಪ್ಯೂಟರ್ ಹುಡುಗನಿಗೆ ಹೇಳಿ ಮಾಡಿಸಿದೆ. ಪ್ರತಿ ಸಾಮಾನಿಗೆ ಒಂದು ನಂಬರ್ ಕೊಟ್ಟ, ಅಷ್ಟೇ. ಅದೇ ಹದಿನಾಲ್ಕು ಸಾಮಾನಿಗೆ ಆಮೇಲೆ ಎಣಿಸಿದಾಗ 120 ಹೆಜ್ಜೆ ಬಂತು.

ಮೊದಲ ವಾರ ನಾನು ಒಂದು ಸೂತ್ರ ಹೇಳಿಕೊಟ್ಟಿದ್ದೆ: ಭಾರದ್ದು ಕೆಳಗೆ, ಹಗುರದ್ದು ಮೇಲೆ. ಎಲ್ಲ ಕಡೆ ಹೇಳುವುದು ಇದನ್ನೇ. ಆ ಪ್ರಕಾರ ಒಂದು ಲೀಟರ್ ಎಣ್ಣೆ ಪೌಚನ್ನು ತಳಕ್ಕೆ ಹಾಕಿ ಮೇಲೆ ಅಕ್ಕಿ ಇಟ್ಟರು. ಬೋಯಿಕೇರಿ ತಲುಪುವಷ್ಟರಲ್ಲಿ ಪೌಚಿನ ಅಂಚು ಬಿಟ್ಟು ಚೀಲ ಎಲ್ಲ ಎಣ್ಣೆ. ದೊಡ್ಡಕ್ಕ ಹಾಗೆ ಯಾವತ್ತೂ ಕಟ್ಟುತ್ತಿರಲಿಲ್ಲ. ಅವರು ಕಟ್ಟುವುದನ್ನು ಹತ್ತಿರ ನಿಂತು ನೋಡಿದೆ. ಚೀಲದ ತಳಕ್ಕೆ ಅಕ್ಕಿ ಮಲಗಿಸುತ್ತಾರೆ. ಅಂಗೈಯಿಂದ ಎರಡು ಸಲ ತಟ್ಟಿ ಮಟ್ಟ ಮಾಡುತ್ತಾರೆ. ಎಣ್ಣೆ ಪೌಚನ್ನು ಇನ್ನೊಂದು ಕವರಿಗೆ ಹಾಕಿ ಗಂಟು ಹಾಕುತ್ತಾರೆ. ಅದನ್ನು ಅಕ್ಕಿಯ ಮೇಲೆ ಮೂಲೆಗೆ ನಿಲ್ಲಿಸುತ್ತಾರೆ, ಮಲಗಿಸುವುದಿಲ್ಲ. ಅದರ ಒತ್ತಿಗೆ ಬೇಳೆ ಪ್ಯಾಕೆಟ್ ಎರಡು ಕಡೆಯಿಂದ ಗೋಡೆ ಥರ. ಪೌಚು ಈಗ ಅಲುಗಾಡುವುದಿಲ್ಲ, ಅದರ ತಲೆ ಮೇಲೂ ಯಾವ ಭಾರವೂ ಇಲ್ಲ. ಈರುಳ್ಳಿ, ಆಲೂಗಡ್ಡೆ ತಳಕ್ಕೆ ಹೋಗಬಹುದು. ಟೊಮ್ಯಾಟೊ ಎರಡು ಕೆಜಿ ಇದ್ದರೂ ಮೇಲೆಯೇ.

"ಭಾರ ನೋಡಬೇಡಿ. ಯಾವುದು ತಡ್ಕೊಳ್ಳುತ್ತೆ ನೋಡಿ" ಅಂದರು. ಸೂತ್ರ ಬದಲಾಯಿತು. ತಡೆದುಕೊಳ್ಳುವುದು ಕೆಳಗೆ, ತಡೆಯದ್ದು ಮೇಲೆ. ಈಗ ಹೊಸಬರಿಗೆ ನಾನು ಹೇಳಿಕೊಡುವುದು ಇದನ್ನೇ.

ಮಳೆಗಾಲದ ಪಾಠ ಬೇರೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ. ರಟ್ಟಿನ ಪೆಟ್ಟಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ, ಮೇಲೊಂದು ಪೆಟ್ಟಿಗೆ ಇಟ್ಟರೆ ಕುಸಿದು ಕೂರುತ್ತದೆ. ಟೇಪ್ ಅಂಟುವುದಿಲ್ಲ. ಮಾರ್ಕರಿನಲ್ಲಿ ಬರೆದ ಹೆಸರು ಟೆಂಪೋದಿಂದ ಮನೆ ಬಾಗಿಲಿಗೆ ಹೋಗುವಷ್ಟರಲ್ಲಿ ಇಳಿದು ಹೋಗುತ್ತದೆ. ರಟ್ಟನ್ನು ಬಿಟ್ಟು ಪ್ಲಾಸ್ಟಿಕ್ ಕ್ರೇಟ್ ತಂದೆವು. ಕ್ರೇಟು ವಾಪಸ್ ಬರುತ್ತದೆ, ತೊಳೆದು ಒಣಗಿಸಿ ಮತ್ತೆ ಬಳಸುತ್ತೇವೆ. ಹೆಸರಿನ ಚೀಟಿಯನ್ನು ಪಾರದರ್ಶಕ ಕವರಿನೊಳಗೆ ಹಾಕಿ ಚೀಲದ ಹಿಡಿಗೆ ಕಟ್ಟುತ್ತೇವೆ. ಅದೇ ಚೀಟಿಯ ಇನ್ನೊಂದು ಪ್ರತಿ ಚೀಲದೊಳಗೆ.

ಚೀಟಿಯಲ್ಲಿ ಏನು ಬರೆಯಬೇಕು ಅನ್ನುವುದೂ ಕೊಡಗಿನಲ್ಲಿ ಸಣ್ಣ ವಿಷಯ ಅಲ್ಲ. ಇಲ್ಲಿ ಮನೆತನದ ಹೆಸರು ಒಂದೇ ಆಗಿರುವ ಮನೆಗಳು ಒಂದೇ ರಸ್ತೆಯಲ್ಲಿ ಮೂರು ನಾಲ್ಕು ಇರುತ್ತವೆ. ಅಣ್ಣನ ಮನೆ ಚೀಲ ತಮ್ಮನ ಮನೆಗೆ ಹೋದದ್ದುಂಟು. ಈಗ ಮನೆತನದ ಹೆಸರು, ಫೋನಿನ ಕೊನೆಯ ನಾಲ್ಕು ಅಂಕಿ, ಗೇಟಿನ ಗುರುತು ಮೂರನ್ನೂ ಬರೆಯುತ್ತೇವೆ. "ಹಳೇ ಹಲಸಿನ ಮರದ ಎದುರು, ಹಸಿರು ಗೇಟು" ಅಂತ ಬರೆದರೆ ಹೊಸ ಡ್ರೈವರಿಗೂ ಸಾಕು. ತೋಟದ ಗೇಟಿನಲ್ಲಿ ಚೀಲ ಇಟ್ಟು ಬರಬೇಕಾದ ಮನೆಗಳಿಗೆ ಬ್ರೆಡ್ಡು, ಬಾಳೆಹಣ್ಣು ಮುಚ್ಚಳ ಇರುವ ಕ್ರೇಟಿಗೇ. ಇಲ್ಲದಿದ್ದರೆ ಮನೆಯವರು ಬರುವ ಮೊದಲು ಮಂಗಗಳು ಬರುತ್ತವೆ.

ತಣ್ಣಗಿರಬೇಕಾದ ಸಾಮಾನಿನ ವಿಷಯಕ್ಕೆ ನಾನು ತುಂಬಾ ತಲೆ ಕೆಡಿಸಿಕೊಂಡೆ. ಹಾಲು, ಮೊಸರು, ಪನೀರ್, ಮಾಂಸ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಐಸ್‌ಕ್ರೀಮು, ಫ್ರೋಜನ್ ಬಟಾಣಿ ಮೈನಸ್ 18ರಲ್ಲಿ. ಮೊದಲೆಲ್ಲ ಒಂದು ಆರ್ಡರ್ ಹಿಡಿದರೆ ಫ್ರಿಜ್ ಸಾಮಾನನ್ನೂ ಆಗಲೇ ಚೀಲಕ್ಕೆ ಹಾಕಿಬಿಡುತ್ತಿದ್ದರು. ರಾತ್ರಿ ಹನ್ನೊಂದೂವರೆಗೆ ಚೀಲಕ್ಕೆ ಬಿದ್ದ ಮೊಸರು ಬೆಳಗ್ಗೆ ಏಳಕ್ಕೆ ಮನೆ ತಲುಪುತ್ತಿತ್ತು. ಹೊರಗೆ ಚಳಿ ಇದೆಯಲ್ಲ ಅಂತ ಅಂದುಕೊಳ್ಳುವುದು ತಪ್ಪು. ಮಡಿಕೇರಿಯ ಚಳಿ ಫ್ರಿಜ್ಜಿನ ಚಳಿ ಅಲ್ಲ.

ಹಾಗಾಗಿ ಫ್ರಿಜ್ ಸಾಮಾನು ಕೊನೆಗೆ, ಟೆಂಪೋ ಹಿಮ್ಮುಖವಾಗಿ ಬಂದು ಬಾಗಿಲಿಗೆ ನಿಂತ ಮೇಲೆಯೇ ಹೊರಗೆ ಅಂತ ಮಾಡಿದೆವು. ಆಗ ಇನ್ನೊಂದು ತೊಂದರೆ. ಮರೆತುಹೋಗುತ್ತಿತ್ತು. ಚೀಲ ಕಟ್ಟಿ ಇಟ್ಟ ಮೇಲೆ ಇದಕ್ಕೆ ಅರ್ಧ ಲೀಟರ್ ಮೊಸರು ಬಾಕಿ ಇದೆ ಅಂತ ಯಾರಿಗೆ ನೆನಪಿರುತ್ತದೆ? ಅದಕ್ಕೆ ರಬ್ಬರ್ ಬ್ಯಾಂಡ್ ಹುಡುಕಿದೆವು. ಚೀಲದ ಹಿಡಿಗೆ ನೀಲಿ ಬ್ಯಾಂಡ್ ಇದ್ದರೆ ಫ್ರಿಜ್ ಸಾಮಾನು ಬಾಕಿ. ಕೆಂಪಿದ್ದರೆ ಮಾಂಸ. ಹಳದಿ ಇದ್ದರೆ ಸೋಪಿನ ಚೀಲ ಜೊತೆಗಿದೆ. ಡ್ರೈವರ್ ಮನೆ ಬಾಗಿಲಲ್ಲಿ ಬ್ಯಾಂಡ್ ನೋಡಿ ಎಷ್ಟು ಕಡೆಯಿಂದ ಸಾಮಾನು ತೆಗೆಯಬೇಕು ಅಂತ ತಿಳಿದುಕೊಳ್ಳುತ್ತಾರೆ. ಸಾಮಾನು ಕೊಟ್ಟ ಮೇಲೆ ಬ್ಯಾಂಡ್ ಬಿಚ್ಚಿ ತನ್ನ ಮಣಿಕಟ್ಟಿಗೆ ಹಾಕಿಕೊಳ್ಳಬೇಕು. ವಾಪಸ್ ಬಂದಾಗ ಬ್ಯಾಂಡ್ ಎಣಿಸುತ್ತೇವೆ. ಹನ್ನೆರಡು ನೀಲಿ ಹೋಗಿ ಹನ್ನೊಂದು ಬಂದರೆ ಒಂದು ಮನೆಗೆ ಮೊಸರು ತಲುಪಿಲ್ಲ.

ಮಾಂಸದ ಬಗ್ಗೆ ನಾನು ತುಂಬಾ ಗಟ್ಟಿ. ಹಸಿ ಮಾಂಸ ಬೇರೆ ಯಾವ ತಿನ್ನುವ ಸಾಮಾನಿನ ಜೊತೆಗೂ ಹೋಗುವುದಿಲ್ಲ. ಹಂದಿ ಮಾಂಸಕ್ಕೆ, ಕೋಳಿಗೆ ಬೇರೆ ಬೇರೆ ಡಬ್ಬ, ಬೇರೆ ಗ್ಲೌಸ್. ಹಬ್ಬ ಬಂದರೆ ಹಂದಿ ಮಾಂಸದ ಆರ್ಡರ್ ರಾಶಿ ಬೀಳುತ್ತದೆ. ಅದೇ ಲೈನಿನಲ್ಲಿ ಅದನ್ನು ಮುಟ್ಟದ ಮನೆಗಳೂ ಇವೆ, ಮಾಂಸವನ್ನೇ ತಿನ್ನದ ಮನೆಗಳೂ ಇವೆ. ಎಲ್ಲರೂ ನಮ್ಮನ್ನು ನಂಬಿ ಬಾಗಿಲು ತೆಗೆಯುತ್ತಾರೆ. ಒಂದು ಹನಿ ಸೋರಿದರೂ ಆ ನಂಬಿಕೆ ಹೋಯಿತು. ಹಾಗಾಗಿ ಮಾಂಸ ಕಟ್ಟುವುದು ಎಲ್ಲ ಚೀಲ ಮುಗಿದ ಮೇಲೆ, ಬೇರೆ ಮೇಜಿನಲ್ಲಿ. ಅದಾದ ಮೇಲೆ ಮೇಜು ತೊಳೆದೇ ಮುಂದಿನ ಕೆಲಸ.

ಇಷ್ಟೆಲ್ಲ ಆದ ಮೇಲೆ ಸರಿಹೋಯಿತು ಅಂದುಕೊಂಡೆ. ಇನ್ನೊಂದು ದೊಡ್ಡ ತಪ್ಪು ಬಾಕಿ ಇತ್ತು, ಅದೂ ನನ್ನದೇ.

ಟೆಂಪೋಗೆ ತುಂಬುವ ನಿಯಮ ಎಲ್ಲರಿಗೂ ಗೊತ್ತಿರುವುದೇ. ಕೊನೆಗೆ ಇಳಿಯುವುದು ಮೊದಲು ಹತ್ತಬೇಕು. ನಾನು ಮ್ಯಾಪ್ ತೆಗೆದು ಮಡಿಕೇರಿ ಲೈನ್ ಬರೆದೆ. ಗುಡ್ಡೆಹೊಸೂರು, ಆನೆಕಾಡು ದಾಟಿ ಸುಂಟಿಕೊಪ್ಪ, ಕೆದಕಲ್, ಬೋಯಿಕೇರಿ, ಮಡಿಕೇರಿ. ದೂರದ್ದು ಮಡಿಕೇರಿ, ಹೆಚ್ಚುಕಡಿಮೆ 30 ಕಿಲೋಮೀಟರ್. ಅಂದರೆ ಮಡಿಕೇರಿ ಚೀಲಗಳು ಮೊದಲು ಕಟ್ಟಿ ಮೊದಲು ಒಳಗೆ, ಗುಡ್ಡೆಹೊಸೂರಿನದ್ದು ಕೊನೆಗೆ ಬಾಗಿಲ ಹತ್ತಿರ. ರಾತ್ರಿಯಿಡೀ ಆ ಕ್ರಮದಲ್ಲೇ ಕಟ್ಟಿಸಿದೆ. ಒಂದು ಚೀಲ ಕೂಡ ಆಚೀಚೆ ಆಗದಂತೆ ನಿಂತು ತುಂಬಿಸಿದೆ.

ಐದೂ ಮುಕ್ಕಾಲಿಗೆ ಡ್ರೈವರ್ ಅಣ್ಣ ಫೋನ್ ಮಾಡಿದರು. ಹಿಂದೆ ಮಳೆ ಸುರಿಯುವ ಶಬ್ದ. "ಮೇಡಂ, ನಾನೀಗ ಮಡಿಕೇರಿಯಲ್ಲಿದ್ದೀನಿ. ಇಲ್ಲಿನ ಚೀಲ ಎಲ್ಲ ಒಳಗೆ ಸೇರಿಕೊಂಡಿದೆ. ಅರ್ಧ ಗಾಡಿ ರಸ್ತೆಗೆ ಇಳಿಸಿದ್ದೀನಿ" ಅಂದರು.

ಅವರು ಮೊದಲು ಮಡಿಕೇರಿಗೇ ಹೋಗುತ್ತಿದ್ದರು. ಹೋಂಸ್ಟೇಗಳಲ್ಲಿ ಅತಿಥಿಗಳಿಗೆ ತಿಂಡಿ ಕೊಡಬೇಕು, ಏಳರೊಳಗೆ ಹಾಲು ಬ್ರೆಡ್ ಬೇಕು. ಎಂಟಾದ ಮೇಲೆ ಪೇಟೆಯ ಇಳಿಜಾರು ರಸ್ತೆಗಳಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗುವುದಿಲ್ಲ. ಅದಕ್ಕೇ ನೇರ ಮೇಲೆ ಹೋಗಿ, ಮುಗಿಸಿ, ಇಳಿಯುತ್ತಾ ಬೋಯಿಕೇರಿ, ಕೆದಕಲ್, ಸುಂಟಿಕೊಪ್ಪ ಕೊಟ್ಟು ಬರುವುದು ಅವರ ರೂಢಿ. ಹಾಗಾಗಿ ಕೊನೆಯ ಮನೆ ಮಡಿಕೇರಿಯಲ್ಲಿ ಅಲ್ಲ, ಗುಡ್ಡೆಹೊಸೂರಿನಲ್ಲಿತ್ತು. ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ. ಮಳೆಯಲ್ಲಿ ನಿಂತು ನಲವತ್ತು ಚೀಲ ಇಳಿಸಿ ಹತ್ತಿಸಿದ ಆ ಮನುಷ್ಯ ಬಂದಾಗ ತಲೆಯಿಂದ ಕಾಲವರೆಗೆ ಒದ್ದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಟೀ ತರಿಸಿ ಪೆನ್ನು ಹಿಡಿದು ಕೂತೆ. ಎಲ್ಲಿ ನಿಲ್ಲುತ್ತೀರಿ, ಎಲ್ಲಿ ತಿರುಗಿಸುತ್ತೀರಿ, ಯಾವ ಮನೆಯವರು ಎಷ್ಟಕ್ಕೆ ಏಳುತ್ತಾರೆ, ಎಲ್ಲ ಅವರಿಂದಲೇ ಬರೆಸಿಕೊಂಡೆ.

ಅವರು ಹೇಳಿದ ಕ್ರಮದಲ್ಲಿ ಕಟ್ಟಿದರೆ ತಣ್ಣನೆ ಸಾಮಾನಿನ ಅರ್ಧ ಚಿಂತೆಯೂ ಕಳೆಯಿತು. ಫ್ರಿಜ್ ಸಾಮಾನು ಜಾಸ್ತಿ ಇರುವುದು ಮಡಿಕೇರಿಯ ಹೋಂಸ್ಟೇಗಳಿಗೆ. ಅವು ಈಗ ಕೊನೆಗೆ ಕಟ್ಟಿ, ಬಾಗಿಲ ಹತ್ತಿರ ಕೂತು, ಮೊದಲು ಇಳಿಯುತ್ತವೆ. ವಾಪಸ್ ಇಳಿಯುವಾಗ ಕೊಡಬೇಕಾದ ತಣ್ಣನೆ ಸಾಮಾನಿಗೆ ಬೇರೆ ಐಸ್ ಬಾಕ್ಸ್. ಅದನ್ನು ಬೋಯಿಕೇರಿಯವರೆಗೆ ತೆರೆಯುವಂತಿಲ್ಲ. ಒಂದೇ ಬಾಕ್ಸ್ ಇದ್ದಾಗ ಮಡಿಕೇರಿಯಲ್ಲೇ ಇಪ್ಪತ್ತು ಸಲ ಮುಚ್ಚಳ ತೆಗೆದು ಸುಂಟಿಕೊಪ್ಪಕ್ಕೆ ಬರುವಷ್ಟರಲ್ಲಿ ಜೆಲ್ ಪ್ಯಾಕ್ ನೀರಾಗಿರುತ್ತಿತ್ತು.

ಸಿದ್ದಾಪುರ ಲೈನಿನ ಡ್ರೈವರನ್ನು ಕೇಳಿದಾಗ ಅವರದ್ದು ಬೇರೆಯೇ ಉತ್ತರ. "ಬೆಳಕಾಗದೆ ನಾನು ಹೊರಡಲ್ಲ ಮೇಡಂ. ಆನೆ ಇದೆ." ನೆಲ್ಲಿಹುದಿಕೇರಿ, ಸಿದ್ದಾಪುರ, ಅಮ್ಮತ್ತಿ ಸುತ್ತಿನ ತೋಟಗಳಲ್ಲಿ ಆನೆ ಇರುವುದು ಹೊಸ ಮಾತಲ್ಲ. ಕೆಲಸಕ್ಕೆ ಹೊರಟವರು ದಾರಿಯಲ್ಲೇ ಪ್ರಾಣ ಕಳೆದುಕೊಂಡಿದ್ದಾರೆ. ಮೊದಲೆಲ್ಲ ಅವರ ಗಾಡಿಯನ್ನೂ ನಾಲ್ಕೂವರೆಗೇ ತುಂಬಿ ನಿಲ್ಲಿಸುತ್ತಿದ್ದೆವು. ಅವರು ಆರೂಕಾಲರವರೆಗೆ ಕಾಯುತ್ತಿದ್ದರು. ಚೀಲದಲ್ಲಿ ಹಾಲೂ ಕಾಯುತ್ತಿತ್ತು. ಈಗ ರಾತ್ರಿಯ ಕೆಲಸದ ಕ್ರಮವೇ ಬದಲಾಗಿದೆ. ಮೊದಲು ಮಡಿಕೇರಿ ಗಾಡಿ, ಆಮೇಲೆ ಸೋಮವಾರಪೇಟೆ, ಕೊನೆಗೆ ಸಿದ್ದಾಪುರ. ಸಂಜೆ ತಡವಾಗಿ ಬಂದ ಆರ್ಡರ್ ಸಿದ್ದಾಪುರದ್ದಾದರೆ ಗಾಬರಿ ಇಲ್ಲ. ಯಾವ ತೋಟದ ಹತ್ತಿರ ಆನೆ ಇದೆ ಅಂತ ಬೆಳಗಿನ ಜಾವ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದರೆ ಡ್ರೈವರ್ ನನಗೆ ತೋರಿಸುತ್ತಾರೆ. ಆ ಕಡೆಯ ಮನೆಗಳ ಕ್ರೇಟನ್ನು ಎತ್ತಿ ಒಳಗೆ ಇಡುತ್ತೇವೆ, ಬಿಸಿಲು ಬಂದ ಮೇಲೆ ಕೊಡಲಿ ಅಂತ.

ಅಂದಿನಿಂದ ನಾನು ಕ್ರಮ ಬರೆಯುವುದು ಉಲ್ಟಾ. ಮೊದಲು ಡ್ರೈವರನ್ನು ಕೇಳಿ ಕೊನೆಯ ಮನೆ ಯಾವುದು ಅಂತ ಬರೆಯುತ್ತೇನೆ. ಅಲ್ಲಿಂದ ಹಿಂದಕ್ಕೆ ಬರುತ್ತಾ ಗಾಡಿ, ಗಾಡಿಯಿಂದ ಕ್ರೇಟು, ಕ್ರೇಟಿಂದ ಚೀಲ, ಚೀಲದಿಂದ ರ‍್ಯಾಕ್. ರ‍್ಯಾಕಿನಿಂದ ಶುರುಮಾಡಿ ಮುಂದಕ್ಕೆ ಹೋದಾಗೆಲ್ಲ ನಾನು ಎಡವಿದ್ದೇನೆ.

ಸರಿ ಇದೆಯಾ ಅಂತ ನೋಡುವ ಕೆಲಸದ ಬಗ್ಗೆ ಎರಡು ಮಾತು. ತೂಕದ ಮೆಷಿನ್ ಒಳ್ಳೆಯದು. ಬಿಲ್ಲಿನ ಒಟ್ಟು ತೂಕ, ಚೀಲದ ತೂಕ ಹೋಲಿಸಿದರೆ ಅರ್ಧ ಕೆಜಿ ಬೇಳೆ ಬಿಟ್ಟುಹೋಗಿದ್ದು ತಕ್ಷಣ ಗೊತ್ತಾಗುತ್ತದೆ. ಆದರೆ 50 ಗ್ರಾಂ ಅರಿಶಿನ ಬಿಟ್ಟುಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ಕವರು, ಡಬ್ಬಿಗಳ ತೂಕದಲ್ಲೇ ಅಷ್ಟು ವ್ಯತ್ಯಾಸ ಇರುತ್ತದೆ. ಅದಕ್ಕೆ ಒಬ್ಬರು ಬಿಲ್ ಓದುವುದು, ಇನ್ನೊಬ್ಬರು ಸಾಮಾನು ಮುಟ್ಟುವುದು ಅಂತ ಇಟ್ಟುಕೊಂಡಿದ್ದೇವೆ. ಕಣ್ಣಲ್ಲಿ ನೋಡಿ ಹೂಂ ಅಂದರೆ ಸಾಲದು, ಕೈ ತಾಗಬೇಕು. ನಿಧಾನ ಅನ್ನಿಸಿದರೂ ಬಿಟ್ಟಿಲ್ಲ.

ಡಿಸೆಂಬರ್ ಮೊದಲ ವಾರ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಎರಡು ದಿನ ಇತ್ತು. ಸಂಜೆ ಆರ್ಡರ್ ನೋಡುತ್ತಿದ್ದಾಗ ಅದೇ ನಾಲ್ಕು ಅಂಕಿ ಕಂಡಿತು. ಮಡಿಕೇರಿಯ ಅಜ್ಜಿ. ಮೂರು ತಿಂಗಳು ಅವರಿಂದ ಒಂದೂ ಆರ್ಡರ್ ಬಂದಿರಲಿಲ್ಲ. ಗೆಣಸು ಎರಡು ಕೆಜಿ, ಎಳ್ಳು, ತುಪ್ಪ, ತೆಂಗಿನಕಾಯಿ ಎರಡು, ಬಾಳೆಹಣ್ಣು ಎರಡು ಡಜನ್. ಕೆಳಗೆ ಬರೆಸಿದ್ದರು: "ತಂಬಿಟ್ಟಿಗೆ. ಚೆನ್ನಾಗಿ ಹಣ್ಣಾಗಿರಬೇಕು, ಸಿಪ್ಪೆ ಕಪ್ಪಾದರೂ ಪರವಾಗಿಲ್ಲ."

ನಮ್ಮ ಹೊಸ ಹುಡುಗ ಕಪ್ಪಾದ ಹಣ್ಣನ್ನೆಲ್ಲ ಕೊಳೆತದ್ದು ಅಂತ ಬುಟ್ಟಿಗೆ ಹಾಕಿ, ಹಳದಿ ಹಣ್ಣು ತಂದಿಟ್ಟಿದ್ದ. ಹುತ್ತರಿಯ ತಂಬಿಟ್ಟಿಗೆ ಹಣ್ಣನ್ನು ಕೈಯಲ್ಲಿ ಕಿವುಚಿ ಹಿಟ್ಟಿನ ಜೊತೆ ಕಲಸುತ್ತಾರೆ, ಗಟ್ಟಿ ಹಣ್ಣು ಆಗುವುದಿಲ್ಲ ಅಂತ ಹೇಳಿಕೊಟ್ಟೆ. ದೊಡ್ಡಕ್ಕ ಬುಟ್ಟಿಯಿಂದ ಒಂದೊಂದೇ ಹಣ್ಣು ಎತ್ತಿ, ಸಿಪ್ಪೆ ಒಡೆಯದ್ದನ್ನು ಆರಿಸಿದರು. ಆದರೆ ಇಷ್ಟು ಮೆತ್ತಗಿನ ಹಣ್ಣನ್ನು ಎಲ್ಲಿ ಇಡುವುದು? ಚೀಲದ ತೀರಾ ಮೇಲಿಟ್ಟರೂ ಪಕ್ಕದ ಚೀಲ ಒತ್ತುತ್ತದೆ. ಕ್ರೇಟಿಗೆ ಹಾಕಿದರೆ ತಿರುವಿನಲ್ಲಿ ಒಂದಕ್ಕೊಂದು ಬಡಿಯುತ್ತದೆ. ಎರಡು ದಿನದಲ್ಲಿ ಅಂಥ ಆರ್ಡರ್ ಹನ್ನೊಂದು ಇತ್ತು, ನಾವು ಬರೆದಿಟ್ಟ ಕ್ರಮದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನಾಲ್ಕೂಕಾಲಿಗೆ ಡ್ರೈವರ್ ಅಣ್ಣ ಬಂದು ನೋಡಿದರು. "ಹಿಂದೆ ಬೇಡ ಮೇಡಂ, ನನ್ನ ಪಕ್ಕ ಇರಲಿ" ಅಂತ ಹೇಳಿ, ಮುಂದಿನ ಸೀಟಿನ ಮೇಲೆ ತಮ್ಮ ಕಂಬಳಿ ಮಡಿಸಿ ಹಾಸಿದರು. ಅದರ ಮೇಲೆ ಒಂದೇ ಪದರದಲ್ಲಿ ಹಣ್ಣಿನ ಪೊಟ್ಟಣಗಳನ್ನು ಸಾಲಾಗಿ ಮಲಗಿಸಿದೆವು. ಪ್ರತಿ ಪೊಟ್ಟಣದ ಚೀಲಕ್ಕೆ ಗುರುತಿಗೆ ಹಸಿರು ಬ್ಯಾಂಡ್ ಹಾಕಿದೆ. ಆ ಬಣ್ಣ ಆವತ್ತಿನಿಂದ ಶುರು.

ಎಂಟು ಗಂಟೆಗೆ ಫೋನ್ ಬಂತು. ನಂಬರ್ ನೋಡಿ ಎದೆ ಧಸಕ್ ಅಂದಿತು. "ಮಗಳೇ, ಹಣ್ಣು ಬಂತು" ಅಂದರು ಅಜ್ಜಿ. "ಎಳ್ಳು ಇನ್ನೊಂದು ಕಾಲು ಕೆಜಿ ಬೇಕಿತ್ತು. ನಾಳೆ ಗಾಡಿಗೆ ಹಾಕ್ತೀಯಾ?"

ಹಾಕುತ್ತೇನೆ ಅಜ್ಜಿ ಅಂದೆ. ಬಿಲ್ ಪುಸ್ತಕ ಎಳೆದುಕೊಂಡು ಮಡಿಕೇರಿ ಗಾಡಿಯ ಮೊದಲ ಸಾಲಿನಲ್ಲಿ ಬರೆದುಕೊಂಡೆ.